ನಿಂತಾಗೆಲ್ಲ ಸವೆಯುವ ದಾರ

ಗಂಡ ಹುಲ್ಲು ಕತ್ತರಿಸುವ ಯಂತ್ರವನ್ನು ಮತ್ತೆ ನಿಲ್ಲಿಸಿದ. ಉದ್ದ ಹಿಡಿಯ ಪೊರಕೆಯಿಂದ ಹುಲ್ಲು ಗುಡಿಸುತ್ತ ಹಿಂದೆ ಬರುತ್ತಿದ್ದ ಹೆಂಡತಿಗೆ ರೇಗಿಹೋಯಿತು. ಈ ಹೊಸ ಯಂತ್ರವನ್ನು ನಿಲ್ಲಿಸಿ ಚಾಲೂ ಮಾಡಿದಾಗೆಲ್ಲ ಅದು ಬೇಕಿರಲಿ ಬೇಡದಿರಲಿ, ಗಿರ್ರನೆ ತಿರುಗಿ ಹುಲ್ಲು ಕತ್ತರಿಸುವ ನೈಲಾನ್ ದಾರವನ್ನು ತಾನಾಗಿಯೇ ಬೆರಳುದ್ದ ಹೊರಗೆ ಬಿಡುತ್ತಿತ್ತು. ಹೆಚ್ಚಾದದ್ದು ಅಂಚಿನ ಬ್ಲೇಡಿಗೆ ಸಿಕ್ಕಿ ತುಂಡಾಗಿ ಮಣ್ಣುಪಾಲು.

"ರೀ, ಇವತ್ತೂ ಮಧ್ಯಾಹ್ನಕ್ಕೇ ದಾರ ಮುಗಿದ್ರೆ ಮೇಸ್ತ್ರಿ ಮೆಷಿನ್ನು ಬೇರೆಯವರ ಕೈಗೆ ಕೊಡ್ತಾನಂತೆ. ಏನಿದು, ನಿಂತು ನಿಂತು ಹೋಗೋಕೆ ಮೆರವಣಿಗೇನಾ?"

ಗಂಡ ತೋಳಿನಿಂದ ಬೆವರು ಒರೆಸಿಕೊಂಡ. "ಇದರ ಸದ್ದಲ್ಲಿ ಏನೂ ಕೇಳ್ಸಲ್ಲ ಕಣೇ."

"ದೊರೆಗಳಿಗೆ ಏನ್ ಕೇಳ್ಬೇಕಿತ್ತೋ?"

"ನಿನ್ನ ಕೆಮ್ಮು. ಮೊನ್ನೆ ನೀನು ಉಸಿರು ಸಿಗದೆ ಹಿಂದೆ ಕುಸಿದು ಕೂತಿದ್ದೆ. ಬೇಲಿ ಮುಟ್ಟಿ ತಿರುಗೋವರೆಗೂ ನಂಗೆ ಗೊತ್ತಾಗ್ಲೇ ಇಲ್ಲ."

ಅವಳು ಸೋತ ಕಾಲುಗಳನ್ನು ಎಳೆಯುತ್ತ ಮೈದಾನ ಸುತ್ತಿಬಂದು, ಕಲ್ಲು ಸಿಡಿಯದಷ್ಟು ದೂರದಲ್ಲಿ, ಅವನ ಕಣ್ಣಿಗೆ ನೇರವಾಗಿ ನಿಂತಳು. ಅಲ್ಲಿ ನಿನ್ನೆ ಕತ್ತರಿಸಿದ ಹುಲ್ಲು ಇನ್ನೂ ಹರಡಿಕೊಂಡಿತ್ತು.

"ಇದನ್ನ ಮೊದ್ಲು ಗುಡಿಸ್ತೀನಿ," ಎಂದು ಕೂಗಿದಳು. "ನೋಡ್ಕೊಂಡೇ ಬನ್ನಿ."

ಯಂತ್ರ ಗುಡುಗಿತು. ಅರ್ಧ ಸಾಲಿನಲ್ಲಿ ಅವನು ತಲೆ ಎತ್ತಿದ. ಅವಳು ಪೊರಕೆ ಎತ್ತಿ ತೋರಿಸಿದಳು. ಯಂತ್ರ ನಿಲ್ಲಲಿಲ್ಲ.