ಮೊಗ್ಗಿನ ಜಡೆಗೆ ಗಿರಾಕಿ

ಮದುವಣಗಿತ್ತಿಯರಿಗೆ ಮೊಗ್ಗಿನ ಜಡೆ ಹೆಣೆಯುವುದರಲ್ಲಿ ಕುಮುದಾ ಊರಿಗೇ ಹೆಸರಾದವಳು. ಅವಳ ವೆಬ್‌ಸೈಟಿಗೆ ಚಾಟ್ ಸೇರಿಸಿದಾಗ, "ಬಂದೋರ ಹತ್ರ ನಾನು ಮಾತಾಡ್ತೀನಿ, ನೀನು ಹೆಣೀತಿರು" ಎಂದು ಆ ಕೆಲಸ ವಹಿಸಿಕೊಂಡವಳು ಬಾಲ್ಯದ ಗೆಳತಿ ಹೇಮಲತಾ. ಅವಳಿಗೆ ಜಡೆ ಹೆಣೆಯಲು ಕಲಿಸಿದವಳೂ ಕುಮುದಾಳೇ. ಅಂದಿನಿಂದ ಚಾಟಿನ ಗಂಟೆ ಕೇಳಿಸುತ್ತಲೇ ಇತ್ತು. ಜಡೆ ಕೊಳ್ಳಲು ಮಾತ್ರ ಯಾರೂ ಬರಲಿಲ್ಲ.

"ನಿನ್ನ ಕೆಲಸದಲ್ಲೇನೂ ಐಬಿಲ್ಲ ಕಣೆ. ಈಗಿನ ಹುಡುಗೀರಿಗೆ ಜಡೇನೇ ಬೇಡ," ಎಂದು ಹೇಮಲತಾ ಸಮಾಧಾನ ಹೇಳುತ್ತಿದ್ದಳು.

ಉತ್ತರ ಕೊಟ್ಟೂ ಕೊಟ್ಟೂ ಸೋತಿರುವ ಗೆಳತಿಯನ್ನು ಒಂದಿಷ್ಟು ನಗಿಸೋಣವೆಂದು ಕುಮುದಾ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು, ತನ್ನ ಫೋನಿನಿಂದ ಗಿರಾಕಿಯ ಹಾಗೆ ಬರೆದಳು: "ಮಗಳ ಮದುವೆಗೆ ಮೊಗ್ಗಿನ ಜಡೆ ಬೇಕಿತ್ತು. ಕುಮುದಾ ಅವರೇ ಹೆಣೆದುಕೊಡ್ತಾರಾ?"

ಹೇಮಲತಾ ಕೂತಿದ್ದ ನಡುಮನೆಯಲ್ಲಿ ಚಾಟಿನ ಗಂಟೆ ಕೇಳಿಸಿತು. ನಗು ತಡೆದುಕೊಂಡು ಕುಮುದಾ ಕೂಗಿದಳು: "ಯಾರೇ ಅದು?"

"ಯಾರೋ ಸುಮ್ನೆ ರೇಟ್ ಕೇಳಿದ್ರು ಕಣೆ, ಹೋದ್ರು."

ಅಷ್ಟರಲ್ಲಿ ಕುಮುದಾಳ ಫೋನಿಗೆ ಉತ್ತರ ಬಂತು: "ಪಾಪ, ಅವರಿಗೆ ಲಕ್ವ ಹೊಡೆದು ಕೈ ಸ್ವಾಧೀನ ತಪ್ಪಿದೆ ಮೇಡಂ. ಈಗ ಹೆಣೆಯೋದು ನಾನೇ, ನನ್ನ ನಂಬರ್ ಬರ್ಕೊಳ್ಳಿ."