ಹಳದಿ ಅಂಗಿ

ಸೋಮವಾರದೊಳಗೆ ಒಂದಾದರೂ ಮಾರಾಟವಾಗದಿದ್ದರೆ ನೇತ್ರಾವತಿ ಮತ್ತೆ ಗಾರ್ಮೆಂಟ್ಸಿಗೇ ಹೋಗಿ ಸೂಪರ್‌ವೈಸರನ ಬೈಗುಳ ತಿನ್ನಬೇಕಿತ್ತು. ಪರಿಚಯದವರ ಮಕ್ಕಳು ತೊಟ್ಟು ಬಿಟ್ಟ ಅಂಗಿ, ಕುಲಾವಿಗಳನ್ನು ತಂದು, ಒಗೆದು, ಇಸ್ತ್ರಿ ಮಾಡಿ, ಫೋನಿನಲ್ಲಿ ಫೋಟೊ ಹಾಕಿ ಮಾರುತ್ತಿದ್ದಳು. ಹಳೆಯದೆಂದರೆ ಜನ ಅರ್ಧಕ್ಕರ್ಧ ಚೌಕಾಸಿ ಮಾಡುತ್ತಾರೆಂದು ಈ ಸಲ ಬಟ್ಟೆಗಳಿಗೆ ಬೆಲೆಚೀಟಿ ಕಟ್ಟಿ ‘ಹೊಸದು’ ಎಂದೇ ಬರೆದಿದ್ದಳು.

ಬೆಳಗಿನಿಂದ ಒಬ್ಬ ಹಿರಿಯ ಹೆಂಗಸು ನಾಲ್ಕನೇ ಸಲ ಫೋನ್ ಮಾಡಿದ್ದರು.

“ಆ ಹಳದಿ ಅಂಗಿ ಯಾವ ಮಗೂಗೂ ಹಾಕಿಲ್ವೇನಮ್ಮ?”

“ಇಲ್ಲ ಮೇಡಂ. ಪ್ಯಾಕ್ ಬಿಚ್ಚಿದ್ದೇ ಫೋಟೊ ತೆಗೆಯೋಕೆ.”

“ಕತ್ತಿನ ಹತ್ರ ಏನೋ ಕಲೆ ಕಾಣತ್ತಲ್ಲ?”

ನೇತ್ರಾವತಿ ಅಂಗಿಯ ಕತ್ತನ್ನು ಉಗುರಿನಿಂದ ಕೆರೆದಳು. ಹಾಲು ಕಕ್ಕಿದ ಕಲೆ ಅದು, ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

“ಅದು ನೆರಳು ಬಿದ್ದಿರೋದು ಮೇಡಂ. ಬೇಕಾದ್ರೆ ಐವತ್ತು ಕಮ್ಮಿ ಕೊಡಿ.”

“ದುಡ್ಡಿನ ಮಾತಲ್ಲಮ್ಮ, ನೀನು ಕೇಳಿದ್ದಕ್ಕಿಂತ ಜಾಸ್ತಿನೇ ಕೊಡ್ತೀನಿ. ನಿಜ ಹೇಳು, ದೇವರಾಣೆಗೂ ಹೊಸದಾ?”

ಅವಳು ಕಣ್ಣು ಮುಚ್ಚಿಕೊಂಡಳು. “ದೇವರಾಣೆಗೂ ಹೊಸದು ಮೇಡಂ.”

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು.

“ಹಾಗಾದ್ರೆ ಬೇಡ ಬಿಡಮ್ಮ. ನಾಡಿದ್ದು ಮೊಮ್ಮಗಳಿಗೆ ಮೊದಲ ಅಂಗಿ ತೊಡಿಸಬೇಕು, ನಮ್ಮಲ್ಲಿ ಅದು ಗಟ್ಟಿಮುಟ್ಟಾಗಿ ಬೆಳೆದ ಇನ್ನೊಂದು ಮಗು ಹಾಕಿಬಿಟ್ಟ ಹಳೇದೇ ಆಗಬೇಕು. ಈ ಊರಲ್ಲಿ ಗುರುತಿನವರಿಲ್ಲ ಅಂತ ಮೂರು ದಿನದಿಂದ ಫೋನಲ್ಲೇ ಹುಡುಕ್ತಿದ್ದೀನಿ, ಕೇಳಿದವರೆಲ್ಲ ಹೊಸದು ಹೊಸದು ಅಂತಲೇ ಆಣೆ ಇಡ್ತಾರೆ.”