ದೋಣಿಗಳು ಎಲ್ಲಿಗೆ ಹೊರಟಿವೆ?

"ಆ ದೋಣಿಗಳು ಎಲ್ಲಿಗೆ ಹೊರಟಿವೆ, ಹೇಳಪ್ಪ," ಎಂದರು ನಿವೃತ್ತ ಮೇಷ್ಟ್ರು.

ಮಗಳನ್ನು ಕೇಳಿಕೊಂಡು ಬಂದವರಿಗೆಲ್ಲ ಇದೇ ಪ್ರಶ್ನೆ. ತೀರಿಹೋದ ಹೆಂಡತಿ ಬರೆದ ಚಿತ್ರ ಅದು. ಬಿರುಗಾಳಿಗೆ ಸಿಕ್ಕ ಕಡಲು, ಮೂರು ದೋಣಿ. ಮೇಷ್ಟ್ರು ಯಾವಾಗಲೂ ಚಿತ್ರದ ಗೋಡೆಗೆ ಬೆನ್ನು ಹಾಕಿಯೇ ಕೂರುವವರು. ಅವರು ನೋಡಬೇಕಾದದ್ದು ಹುಡುಗನ ಮುಖ. ಮೊದಲು ಬಂದ ವಕೀಲ, "ಕಡಲೆಂದರೆ ಬದುಕು" ಎಂದಿದ್ದ. "ಹಾಗಾದ್ರೆ ಮೀನು ಯಾರು?" ಎಂದು ಕೇಳಿ ಕಳಿಸಿಬಿಟ್ಟಿದ್ದರು. "ದಡಕ್ಕೆ" ಎಂದ ಎಂಜಿನಿಯರಿಗೆ ಕಾಫಿ ಮುಗಿಸುವಷ್ಟೂ ಪುರುಸೊತ್ತು ಸಿಕ್ಕಿರಲಿಲ್ಲ.

ಇವತ್ತಿನವನು ಮಗಳೇ ಮೆಚ್ಚಿದವನು. ಮರ, ಗಾಜಿನ ಕೆಲಸದ ಪುಟ್ಟ ಅಂಗಡಿಯವನು. ಇವನೂ ಬೇಡವೆಂದರೆ ತನಗೆ ಮದುವೆಯೇ ಬೇಡ ಎಂದು ಅವಳು ಹೇಳಿಯಾಗಿತ್ತು. ಈಗ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು, ಬಾಗಿಲ ಬಳಿ ನಿಂತಿದ್ದಳು.

ಹುಡುಗ ಗೋಡೆಯನ್ನೇ ನೋಡಿದ. ತುಂಬ ಹೊತ್ತು.

"ಅಪ್ಪಾ, ಕಾಫಿ ಆರಿಹೋಗುತ್ತೆ."

"ನೀನು ಕಾಪಿ ಹೊಡೆಸ್ಬೇಡಮ್ಮ, ಸುಮ್ನಿರು."

"ನಾಲ್ಕನೇ ದೋಣಿ ಮುಳುಗ್ತಾ ಇದೆ, ಸಾರ್," ಎಂದ ಹುಡುಗ. "ಮೂರೂ ಅದನ್ನ ಎಳ್ಕೊಳ್ಳೋಕೆ ಹೋಗ್ತಿವೆ."

ಮೇಷ್ಟ್ರು ಊರುಗೋಲನ್ನು ಹತ್ತಿರ ಎಳೆದುಕೊಂಡರು.

"ನಾಲ್ಕನೇದಾ? ಎಲ್ಲಿ?"

"ಎಡಗಡೆ, ಅಂಚಲ್ಲಿ. ಬರೀ ತುದಿ ಕಾಣುತ್ತೆ. ಹಗ್ಗ ಹಿಡಿದಿರೋ ಒಂದು ಕೈ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಅವಳು ಬರೆದಿದ್ದು ಅದನ್ನೇ. ಚೌಕಟ್ಟು ಹಾಕಿದ್ದು ನಾನು. ಅಳತೆ ತಪ್ಪಿ ಆ ದೋಣಿ ಚೌಕಟ್ಟಿನ ಪಟ್ಟಿ ಕೆಳಗೆ ಹೋಯ್ತು. ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ಲು. ಮೂವತ್ತು ವರ್ಷದಿಂದ ಅದು ಯಾರ ಕಣ್ಣಿಗೂ ಬಿದ್ದಿಲ್ಲ."

ಹುಡುಗನ ಮುಖ ಬಿಳುಚಿತು. ಮಗಳು ಬ್ಯಾಂಡೇಜಿನ ಬೆರಳನ್ನು ಬೆನ್ನ ಹಿಂದೆ ಅಡಗಿಸಿದಳು.

"ಮದುವೆ ದಿನ ಗೊತ್ತು ಮಾಡೋಣ," ಎಂದರು ಮೇಷ್ಟ್ರು, ನೆಲದ ಮೇಲಿದ್ದ ಗಾಜಿನ ಚೂರೊಂದನ್ನು ಊರುಗೋಲಿನಿಂದ ಮೂಲೆಗೆ ಸರಿಸುತ್ತ. "ಹೊಸ ಚೌಕಟ್ಟು ಸ್ವಲ್ಪ ಅಗಲ ಇರ್ಲಿ. ನಾಲ್ಕನೇದೂ ಕಾಣ್ಬೇಕು."

ಅವರು ಹಿಂದಿರುಗಿ ನೋಡಲೂ ಇಲ್ಲ. ಬೆಳಿಗ್ಗೆ ಮಗಳ ಕೈಜಾರಿ ಬಿದ್ದ ಚಿತ್ರ, ಚೌಕಟ್ಟು ಕಳಚಿ, ಹುಡುಗನ ಅಂಗಡಿಯ ಮೇಜಿನ ಮೇಲಿತ್ತು. ಗೋಡೆಯಲ್ಲಿ ಇದ್ದದ್ದು ಒಂದು ಮೊಳೆ ಮಾತ್ರ.